ಎಡಗಡೆಯ ಸ್ಟೂಲು

ಗುರುವಾರ ಮಧ್ಯಾಹ್ನಗಳಲ್ಲಿ ನಾನು ನನ್ನ ಅಪ್ಪನನ್ನು ಹೆಸರು ಹಿಡಿದು ಕರೆಯಬೇಕಾಗಿತ್ತು. ಮೊದಲ ತರಗತಿಯಲ್ಲೇ ಅವನು ಎಲ್ಲರೆದುರು, ನನ್ನ ಕಡೆ ನೋಡದೆ ಹೇಳಿಬಿಟ್ಟಿದ್ದ: "ಇಲ್ಲಿ ನಾನು ಯಾರ ಅಪ್ಪನೂ ಅಲ್ಲ. ಎಲ್ಲರಿಗೂ ದೌವೆ, ಅಷ್ಟೇ." ತರಗತಿ ನಕ್ಕಿತು. ನಾನೂ ನಕ್ಕೆ. ಆಮೇಲೆ ನೋಡಿದರೆ ಆ ನಿಯಮ ನನಗೊಬ್ಬಳಿಗೆ ಮಾತ್ರ. ನನ್ನ ಸಹಪಾಠಿ ಫೀಕೆಗೆ ಅಪ್ಪನಾಗುವುದಕ್ಕೆ ಅವನಿಗೆ ಯಾವ ಅಡ್ಡಿಯೂ ಇರಲಿಲ್ಲ.

ಇದಕ್ಕೆ ಹೊಟ್ಟೆಕಿಚ್ಚು ಅನ್ನುವವರು ಅನ್ನಲಿ. ನಾನೂ ಅದನ್ನೇ ಅನ್ನುತ್ತೇನೆ. ಉರಿಯುವುದಕ್ಕೆ ಸರಿಯಾದ ಕಾರಣವಿದ್ದಾಗಲೂ ತಣ್ಣಗಿರುವ ಹೊಟ್ಟೆಯನ್ನು ನಾನು ನಂಬುವುದಿಲ್ಲ.

ಅಪ್ಪ ಡಚ್ಚರ ನಾಡಿನ ಉತ್ತರಕ್ಕಿರುವ ಫ್ರೀಸ್‌ಲಾಂಡಿನ ನಮ್ಮ ಹಳ್ಳಿಯಲ್ಲಿ ದಂತವೈದ್ಯ. ಮನೆಯ ಮುಂಭಾಗ ಕ್ಲಿನಿಕ್, ಹಿಂಭಾಗ ನಾವು. ನಾನು ಮಗ್ಗಿ ಬಾಯಿಪಾಠ ಮಾಡಿದ್ದು ಗೋಡೆಯಾಚೆಯ ಡ್ರಿಲ್ಲಿನ ಸದ್ದು ಕೇಳುತ್ತಲೇ. ಅವನ ತಲೆ ಬೆಳ್ಳಗಾದ ಮೇಲೆ ನಗರದ ದಂತ ಕಾಲೇಜಿನವರು ಕರೆದು, ಕೊನೆಯ ವರ್ಷದವರಿಗೆ ಕ್ಲಿನಿಕ್ ನಡೆಸುವುದು ಹೇಗೆ, ಜೊತೆಯವರನ್ನು ಮುನ್ನಡೆಸುವುದು ಹೇಗೆ ಅನ್ನುವುದನ್ನು ಕಲಿಸಿ ಎಂದರು. "ಈ ಹುಡುಗ್ರಿಗೆಲ್ಲ ಹಲ್ಲು ಗೊತ್ತು. ಬೆಳಿಗ್ಗೆ ಬಂದ ಸಹಾಯಕಿ ಕೋಟು ಬಿಚ್ಚದೆ ಯಾಕೆ ನಿಂತಿದ್ದಾಳೆ ಅನ್ನೋದು ಗೊತ್ತಿಲ್ಲ," ಅನ್ನುತ್ತಿದ್ದ ಅಪ್ಪ. ಕಾಲೇಜಿನ ಕ್ಲಿನಿಕ್‌ನಲ್ಲಿ ಕೊನೆಯ ವರ್ಷದ ಒಬ್ಬೊಬ್ಬರೂ ಸರದಿಯಂತೆ ಒಂದು ತಂಡಕ್ಕೆ ಮುಖ್ಯಸ್ಥರಾಗಬೇಕು. ಕಿರಿಯ ವಿದ್ಯಾರ್ಥಿಗಳು, ಸಹಾಯಕಿಯರು, ತಡವಾದರೆ ಸಿಡುಕುವ ರೋಗಿಗಳು, ಯಾರಿಗೆ ರಜೆ ಬೇಕು, ಯಾರಿಗೆ ಯಾರ ಮುಖ ಕಂಡರಾಗದು, ಎಲ್ಲವೂ ಅವರ ತಲೆಯ ಮೇಲೆ. ಅಪ್ಪ ಮೂಲೆಯಲ್ಲಿ ನಿಂತು ನೋಡುತ್ತಾನೆ.

ಮುಂದಿನ ವರ್ಷ ಅಪ್ಪ ತನ್ನ ಕ್ಲಿನಿಕ್ಕನ್ನು ಬೇರೆಯವರಿಗೆ ವಹಿಸಿ ನಿವೃತ್ತನಾಗುವವನಿದ್ದ. ಯಾರಿಗೆ ಅಂತ ಹೇಳಿರಲಿಲ್ಲ. ನಾನು ಕೇಳಿರಲಿಲ್ಲ, ನಮ್ಮ ಮನೆಯಲ್ಲಿ ಅಂಥದ್ದನ್ನು ಕೇಳುವ ರೂಢಿಯಿಲ್ಲ. ಆದರೆ ನನಗೆ ಅದು ಬೇಕಿತ್ತು. ಆ ಗೋಡೆ, ಹಸುಗಳ ಹುಲ್ಲುಗಾವಲಿಗೆ ತೆರೆಯುವ ಆ ಕಿಟಕಿ, ನೋವು ತಡೆಯಲಾರದ ಹೊತ್ತಿಗೇ ಬಂದು ಬಾಯಿ ತೆರೆಯುವ ಹಟಮಾರಿ ರೈತರು, ಎಲ್ಲ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಅಪ್ಪ ತಾನಾಗಿಯೇ ಅದನ್ನು ನನ್ನ ಕೈಗೆ ಕೊಡುವುದು ಬೇಕಿತ್ತು.

ಫೀಕೆ ದೇಶದ ದಕ್ಷಿಣದ ತುದಿಯವಳು, ಲಿಂಬುರ್ಗ್‌ನವಳು. ನಾವಿಬ್ಬರೂ ಒಂದೇ ಬಾಡಿಗೆ ಮನೆಯಲ್ಲಿ ಅಕ್ಕಪಕ್ಕದ ಕೋಣೆಗಳಲ್ಲಿದ್ದೆವು. ಸ್ನೇಹಿತೆ. ಹೌದು, ಸ್ನೇಹಿತೆಯೇ, ಅದೇ ತೊಂದರೆ. ಶತ್ರುವಾಗಿದ್ದರೆ ಬೈದು ಹಗುರಾಗಬಹುದಿತ್ತು. ಅವಳ ಮಾತು ಬೆಣ್ಣೆ, ಕೈ ಮಾತ್ರ ಕೊಡಲಿ. ಅವಳು ಫಿಲ್ಲಿಂಗ್ ಮಾಡಿದ ಹಲ್ಲಿನ ಮೇಲೆ ನಾಲಿಗೆಯಾಡಿಸಿದರೆ ತೇಪೆ ಹಾಕಿದ ರಸ್ತೆಯ ಮೇಲೆ ಸೈಕಲ್ ಹೊಡೆದ ಹಾಗಿರುತ್ತಿತ್ತು. ನನ್ನ ಕೈ ಹಾಗಲ್ಲ. ನಾನು ತುಂಬಿದ ಹಲ್ಲು ಯಾವುದು, ಹುಳುಕೇ ಬೀಳದ ಹಲ್ಲು ಯಾವುದು ಅಂತ ಮೇಷ್ಟ್ರುಗಳೇ ದೀಪ ಹಿಡಿದು ಹುಡುಕುತ್ತಿದ್ದರು. ಇದು ಜಂಬವಲ್ಲ. ಜಂಬವೇ ಆದರೂ ಸುಳ್ಳಲ್ಲ.

ಅಪ್ಪನ ಪಾಠದಲ್ಲಿ ಒಂದು ವಿಚಿತ್ರ ಪರೀಕ್ಷೆ ಇತ್ತು. ಹಲ್ಲಿನ ಕೆಲಸಕ್ಕೆ ಇಬ್ಬರು ಕೂರುತ್ತಾರೆ. ರೋಗಿಯ ಬಲಕ್ಕೆ ಡ್ರಿಲ್ ಹಿಡಿದ ವೈದ್ಯ. ಎಡಕ್ಕೆ, ಸ್ಟೂಲಿನ ಮೇಲೆ, ಬಾಯಿಯ ನೀರು ಎಳೆಯುವ ಕೊಳವೆ ಹಿಡಿದ ಸಹಾಯಕ. ತಂಡದ ಮುಖ್ಯಸ್ಥರಾದವರು ಒಂದು ದಿನ ಪೂರ್ತಿ ಆ ಎಡಗಡೆಯ ಸ್ಟೂಲಿನಲ್ಲಿ ಕೂರಬೇಕು. ಡ್ರಿಲ್ ತಂಡದ ಎಲ್ಲರಿಗಿಂತ ಕಿರಿಯ ವಿದ್ಯಾರ್ಥಿಯ ಕೈಯಲ್ಲಿ. ಅವನು ಕೇಳಿದರೆ ಹೇಳಬಹುದು, ಕೇಳದಿದ್ದರೆ ಕೊಳವೆ ಹಿಡಿದು ಸುಮ್ಮನಿರಬೇಕು. ರೋಗಿಗೆ ಅಪಾಯ ಕಂಡರೆ ನಿಲ್ಲಿಸಬೇಕು. ಆದರೆ ಏನೇ ಆದರೂ ಡ್ರಿಲ್ ಕಿತ್ತುಕೊಳ್ಳುವಂತಿಲ್ಲ.

ನಾನು ಕಿತ್ತುಕೊಂಡೆ.

ಆ ದಿನ ಡ್ರಿಲ್ ಹಿಡಿದವನು ಕೂರ್ಟ್ ಅನ್ನುವ ಕಿರಿಯ ವಿದ್ಯಾರ್ಥಿ, ಎತ್ತರದ ಆಳು, ಆದರೆ ಡ್ರಿಲ್ ಸದ್ದಿಗೆ ತಾನೇ ಬೆಚ್ಚುವವನು. ಕುರ್ಚಿಯಲ್ಲಿ ಒಬ್ಬರು ನಿವೃತ್ತ ಪೋಸ್ಟ್‌ಮನ್. ಕೂರ್ಟ್ ಹುಳುಕನ್ನು ಒಂದಿಷ್ಟು ಕೆರೆಯುತ್ತಾನೆ, ನಿಲ್ಲಿಸುತ್ತಾನೆ, ಕನ್ನಡಿಯಲ್ಲಿ ನೋಡುತ್ತಾನೆ, ಮತ್ತೆ ಅಲ್ಲೇ ಕೆರೆಯುತ್ತಾನೆ. ಇನ್ನೊಂದು ಪಕ್ಕದ ಹುಳುಕು ನನ್ನ ಕಣ್ಣಿಗೆ ರಾಚುತ್ತಿತ್ತು. ನನ್ನ ಬೆರಳುಗಳು ಕೊಳವೆಯ ಮೇಲೆ ಕುಣಿಯತೊಡಗಿದವು. "ಕೊಡಿಲ್ಲಿ," ಎಂದು ಅವನ ಕೈಯಿಂದ ಡ್ರಿಲ್ ತೆಗೆದುಕೊಂಡು, ಕಾಫಿ ಆರುವಷ್ಟು ಹೊತ್ತಿನಲ್ಲಿ ಹಲ್ಲು ಮುಗಿಸಿದೆ. ಪೋಸ್ಟ್‌ಮನ್ ಕನ್ನಡಿ ನೋಡಿಕೊಂಡು ನನ್ನ ಕೈ ಕುಲುಕಿದರು.

ಸಂಜೆ ಎಲ್ಲರೂ ಸುತ್ತ ಕೂತು, ಮುಖ್ಯಸ್ಥರ ಮುಖಕ್ಕೇ ಒಂದು ಮೆಚ್ಚುಗೆ, ಒಂದು ಕುಂದು ಹೇಳಬೇಕು. ಕಾಫಿ ಬಂತು, ತಲೆಗೊಂದು ಬಿಸ್ಕತ್ತು ಬಂತು, ಡಬ್ಬಿಗೆ ಮತ್ತೆ ಮುಚ್ಚಳ ಬಿತ್ತು. ಕೂರ್ಟ್ ಬಾಯಿ ತೆರೆದ.

"ಮೆಚ್ಚುಗೆ ಏನಂದ್ರೆ, ಹಿಸ್ಕೆ, ನಿನ್ನ ಕೈ ಅದ್ಭುತ. ಕುಂದು ಏನಂದ್ರೆ, ಇವತ್ತು ನಾನು ಕಲ್ತಿದ್ದು ಒಂದೇ ವಿಷಯ, ನಾನು ಕೈಲಾಗದವನು ಅಂತ."

"ಹಲ್ಲು ನೋಡಿದ್ಯಾ?" ಎಂದೆ.

"ನೋಡ್ದೆ. ಚೆನ್ನಾಗಿದೆ. ನಿಂದು."

ಅಪ್ಪ ಮೂಲೆಯಿಂದ ಇಷ್ಟೇ ಹೇಳಿದ: "ಹಲ್ಲು ಇದೆ. ತಂಡ ಎಲ್ಲಿ?"

ಮರುವಾರ ಫೀಕೆಯ ಸರದಿ. ಅದೇ ಕೂರ್ಟ್, ಬೇರೆ ರೋಗಿ, ಹೂವಿನ ಅಂಗಡಿಯ ಒಬ್ಬ ಹೆಂಗಸು. ಕೂರ್ಟ್ ಹೇಗೋ ಹಲ್ಲು ತುಂಬಿ ಮುಗಿಸಿದ. ಪಕ್ಕದ ಹಲ್ಲಿಗೂ ಅದಕ್ಕೂ ನಡುವೆ ದಾರ ಎಳೆದು ನೋಡಿದರೆ ಎಲ್ಲೂ ತಡೆಯದೆ ಜಾರಿಬಿತ್ತು. ಸಂದು ಬಿಟ್ಟಿದೆ, ಊಟ ಮಾಡಿದಾಗಲೆಲ್ಲ ಅಲ್ಲಿ ಮಾಂಸ ಸಿಕ್ಕಿಕೊಳ್ಳುತ್ತದೆ. ನಾನು ಆಚೆ ಕುರ್ಚಿಯಿಂದ ನೋಡುತ್ತಿದ್ದೆ. ಮನಸ್ಸಿನಲ್ಲೇ, ಈಗ ನೋಡೋಣ ಅಂದುಕೊಂಡೆ.

ಫೀಕೆ ಕೊಳವೆಯನ್ನು ಅದರ ಕೊಕ್ಕೆಗೆ ಸಿಕ್ಕಿಸಿ, "ಕೂರ್ಟ್, ಈಗ ಏನ್ಮಾಡೋಣ ಅಂತೀಯಾ?" ಎಂದಳು.

ಕೂರ್ಟ್ ಕೆಂಪಾದ. "ಪೂರ್ತಿ ತೆಗೀಬೇಕು. ಹಲ್ಲಿನ ಸುತ್ತ ಲೋಹದ ಪಟ್ಟಿ ಬಿಗಿಯಾಗಿ ಸುತ್ತಿ ಮತ್ತೆ ತುಂಬಬೇಕು."

"ಮೇಡಂಗೆ ಯಾರು ಹೇಳ್ತಾರೆ?"

ಅವನೇ ಹೇಳಿದ. ಆ ಹೆಂಗಸು, "ಮಾಡಪ್ಪಾ, ನಾನೂ ಹೂಗುಚ್ಛ ಬಿಚ್ಚಿ ಮತ್ತೆ ಕಟ್ಟೋಳೇ," ಎಂದು ಬಾಯಿ ತೆರೆದಳು. ಮಧ್ಯಾಹ್ನ ಪೂರ್ತಿ ಹಿಡಿಯಿತು. ಹೊರಗೆ ಕಾದಿದ್ದ ರೋಗಿಗಳಿಗೆ ಫೀಕೆಯೇ ಹೋಗಿ ಕ್ಷಮೆ ಕೇಳಿ ಬೇರೆ ದಿನ ಗೊತ್ತುಮಾಡಿ ಬಂದಳು. ಎರಡನೇ ಸಲ ದಾರ ಟಕ್ಕೆಂದು ತಡೆದು ನಿಂತಿತು. ಸಂಜೆ ಕೂರ್ಟ್ ಮೆಚ್ಚುಗೆ ಹೇಳಿ, ಕುಂದು ಸಿಗಲಿಲ್ಲ ಎಂದ. ಅಪ್ಪ ಚಪ್ಪಾಳೆ ತಟ್ಟಿದ. ನಮ್ಮಪ್ಪ! ನಾನು ಊರಿನ ಸ್ಕೇಟಿಂಗ್ ಪಂದ್ಯ ಗೆದ್ದಾಗ "ಶೂ ದಾರ ಬಿಚ್ಚಿದೆ ನೋಡು" ಎಂದವನು.

ಕಾರಿಡಾರಿನಲ್ಲಿ ಅವನನ್ನು ತಡೆದೆ. "ಅಪ್ಪ—"

"ದೌವೆ."

"ಒಂದು ಹಲ್ಲನ್ನ ಎರಡು ಸಲ ತುಂಬಿದ್ದಾರೆ. ಅದಕ್ಕೆ ನೀನು ಚಪ್ಪಾಳೆ ತಟ್ತೀಯ?"

"ಎರಡನೇ ಸಲ ತುಂಬಿದ್ದು ಯಾರು, ನೋಡಿದ್ಯಾ?" ಎಂದವನೇ ಕೋಟು ಹಾಕಿಕೊಂಡ. "ನಿಮ್ಮನೇಲಿ ರಾತ್ರಿ ಊಟಕ್ಕೇನು? ಫೀಕೆ ಕರೆದಳು."

ಫೀಕೆ ಕರೆದಳಂತೆ. ಅಡುಗೆ ಮಾಡಿದ್ದು ನಾನು. ಆಲೂಗಡ್ಡೆ ಬೇಯಿಸಿ ಸೊಪ್ಪು ಹಾಕಿ ಕಿವುಚಿ, ಅಪ್ಪನಿಗೆ ಇಷ್ಟವಾಗುವ ಹಾಗೆ ಸಾಸೇಜು ಸೀಳಿ ಹುರಿದಿಟ್ಟೆ. ಅಪ್ಪ ತಟ್ಟೆ ಖಾಲಿ ಮಾಡಿದ್ದು ಅವಳ ಜೊತೆ ಮಾತಾಡುತ್ತ. ನಮ್ಮ ಹಳ್ಳಿಯಲ್ಲಿ ಡಚ್ ಹೊರಗಿನ ಮಾತು, ಫ್ರೀಸಿಯನ್ ಅಡುಗೆಮನೆಯ ಮಾತು. ಅಪ್ಪ ನನಗೆ ಬೈಯುವುದೂ, ಅಪರೂಪಕ್ಕೆ ಮುದ್ದು ಮಾಡುವುದೂ ಅದರಲ್ಲೇ. ಆ ರಾತ್ರಿ ಅವನು ಫೀಕೆಗೆ ಫ್ರೀಸಿಯನ್ ಕಲಿಸತೊಡಗಿದ. ಬೆಣ್ಣೆಗೆ ಏನನ್ನುತ್ತಾರೆ, ಚೀಸಿಗೆ ಏನು. ಅವಳ ದಕ್ಷಿಣದ ನಾಲಿಗೆಯಲ್ಲಿ ಅದು ಎಡವಿ ಬೀಳುವುದು, ಅವನು ಕಣ್ಣಲ್ಲಿ ನೀರು ಬರುವ ಹಾಗೆ ನಗುವುದು.

"ಏನೇ ಹಿಸ್ಕೆ, ಹೀಗೇ ಅಲ್ವಾ ಹೇಳೋದು?" ಎಂದಳು ಫೀಕೆ.

"ಹಸು ಕೆಮ್ಮಿದ ಹಾಗಿದೆ," ಎಂದೆ. ಇಬ್ಬರೂ ಇನ್ನಷ್ಟು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಫೆಬ್ರವರಿಯಲ್ಲಿ ಹೆಪ್ಪು ಹಿಡಿಯಿತು. ಊರಿನವರು ನೀರು ಬಿಟ್ಟಿಟ್ಟ ಹುಲ್ಲುಗಾವಲು ಗಟ್ಟಿಯಾಗಿ ಗಾಜಾಯಿತು. ಅಪ್ಪ ಫೋನ್ ಮಾಡಿ, "ಐಸ್ ಕಟ್ಟಿದೆ, ಬಾ," ಎಂದ. ಹಿಗ್ಗಿದೆ. "ಫೀಕೇನೂ ಕರ್ಕೊಂಡ್ಬಾ. ಪಾಪ, ಅವಳಿಗೆ ಸ್ಕೇಟಿಂಗೇ ಬರಲ್ವಂತೆ."

ಪಾಪವಂತೆ.

ನಾವು ಹೋಗುವ ಹೊತ್ತಿಗೆ ಇಡೀ ಹಳ್ಳಿ ಐಸಿನ ಮೇಲಿತ್ತು. ಅಪ್ಪ ಅಡುಗೆಮನೆಯ ಮರದ ಕುರ್ಚಿಯೊಂದನ್ನು ಹೆಗಲ ಮೇಲೆ ಹೊತ್ತು ಬಂದ. ನಮ್ಮಲ್ಲಿ ಮಕ್ಕಳು ಸ್ಕೇಟಿಂಗ್ ಕಲಿಯುವುದು ಕುರ್ಚಿ ತಳ್ಳಿಕೊಂಡು. ಬೀಳುವ ಹಾಗಾದರೆ ಅದನ್ನೇ ಹಿಡಿದುಕೊಳ್ಳುವುದು. ಆ ಕುರ್ಚಿ ನನ್ನದು. ಅದರ ಬೆನ್ನಿನ ಪಟ್ಟಿಯ ಮೇಲೆ ನನ್ನ ಹಲ್ಲಿನ ಗುರುತಿದೆ, ಚಳಿಗೆ ಕಚ್ಚಿದ್ದು. ಅದನ್ನು ಅವನು ಫೀಕೆಯ ಮುಂದಿಟ್ಟ. ಅವಳು ಕಿರುಚುತ್ತ, ನಗುತ್ತ ತಳ್ಳಿದಳು, ಕುರ್ಚಿಸಮೇತ ಬಿದ್ದಳು. ಆಗ ಅಪ್ಪ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಅವಳ ಎರಡೂ ಕೈ ಹಿಡಿದು, ತಾನು ಹಿಮ್ಮುಖವಾಗಿ ಜಾರುತ್ತ ಅವಳನ್ನು ಎಳೆದುಕೊಂಡು ಹೋದ. ಹುಲ್ಲುಗಾವಲಿನ ಈ ತುದಿಯಿಂದ ಆ ತುದಿಯವರೆಗೆ. ಕೈ ಬಿಡಲೇ ಇಲ್ಲ.

ನನಗೆ ಕುರ್ಚಿ ಕೊಟ್ಟು "ತಳ್ಳು" ಅಂದು ತನ್ನ ಪಾಡಿಗೆ ಹೋಗಿಬಿಟ್ಟಿದ್ದ. ನಾನು ತಳ್ಳಿದ್ದೆ. ಮಧ್ಯಾಹ್ನದ ಹೊತ್ತಿಗೆ ಕುರ್ಚಿ ಬಿಟ್ಟು ಓಡಾಡುತ್ತಿದ್ದೆ. ಬೀಳದೇ ಇದ್ದದ್ದೇ ತಪ್ಪಾಯಿತೇನೋ. ಬಿದ್ದಿದ್ದರೆ ಆ ಕೈ ಸಿಗುತ್ತಿತ್ತು.

ಬಟಾಣಿ ಸೂಪಿನ ಅಂಗಡಿಯ ಹತ್ತಿರ ಅಮ್ಮ ನನ್ನ ಮುಖ ನೋಡಿ, "ಯಾಕೇ, ಚಳಿಯಾ?" ಎಂದಳು. "ಹೌದು," ಎಂದೆ. ಮೈಯೆಲ್ಲ ಉರಿಯುತ್ತಿತ್ತು.

ಅದೇ ತಿಂಗಳ ಕೊನೆಯ ಭಾನುವಾರ ಅಪ್ಪನ ಹುಟ್ಟುಹಬ್ಬ. ಹಾಲ್‌ನಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿ ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಒಳಗೆ ಬಂದವರು ಹುಟ್ಟುಹಬ್ಬದವನಿಗೆ ಮಾತ್ರವಲ್ಲ, ಸುತ್ತ ಕೂತ ಒಬ್ಬೊಬ್ಬರಿಗೂ ಕೈ ಕೊಟ್ಟು ಶುಭಾಶಯ ಹೇಳಬೇಕು: ಹೆಂಡತಿಗೆ ನಿಮ್ಮ ಗಂಡನ ಹುಟ್ಟುಹಬ್ಬಕ್ಕೆ, ತಂಗಿಗೆ ನಿಮ್ಮಣ್ಣನ ಹುಟ್ಟುಹಬ್ಬಕ್ಕೆ. ಫೀಕೆಯೂ ಬಂದಿದ್ದಳು; ಅಪ್ಪನೇ ಕರೆದದ್ದು. ನಾನು ಕೇಕ್ ಕತ್ತರಿಸುತ್ತಿದ್ದೆ. ಅವಳು ಅಪ್ಪನ ಪಕ್ಕದಲ್ಲಿ ಕಾಫಿ ಕೆಟಲ್ ಹಿಡಿದು ನಿಂತಿದ್ದಳು. ಎದುರುಮನೆಗೆ ಹೊಸದಾಗಿ ಬಂದ ಹೆಂಗಸು ಕೈ ಚಾಚಿಕೊಂಡು ಸುತ್ತು ಶುರುಮಾಡಿದಳು. ಅಪ್ಪನ ಕೈ ಕುಲುಕಿ, ಫೀಕೆಯ ಕೈ ಹಿಡಿದು, ರೂಢಿಯಂತೆ ಕೆನ್ನೆಗೆ ಮೂರು ಮುತ್ತು ಕೊಟ್ಟು, "ನಿಮ್ಮಪ್ಪನ ಹುಟ್ಟುಹಬ್ಬಕ್ಕೆ ನಿಮಗೂ ಶುಭಾಶಯ, ಹಿಸ್ಕೆ!" ಎಂದಳು.

ಎಲ್ಲರೂ ಗೊಳ್ಳೆಂದರು. ಅಪ್ಪನೂ. ಅಲ್ಲ ಅಂತ ಒಂದು ಮಾತು ಹೇಳಲಿಲ್ಲ. ಫೀಕೆಯೇ ನಾಚಿ, "ಅಯ್ಯೋ, ನಾನಲ್ಲ, ಅಗೋ ಅವಳು," ಎಂದು ನನ್ನನ್ನು ತೋರಿಸಬೇಕಾಯಿತು. ಆ ಹೆಂಗಸು ಗಡಿಬಿಡಿಯಿಂದ ನನ್ನತ್ತ ಬಂದಳು. ನನ್ನ ಕೈಯಲ್ಲಿ ಚಾಕು ಇತ್ತು. ಅವಳು ಮುತ್ತು ಕೊಡದೆ ಕೈ ಮಾತ್ರ ಕುಲುಕಿದಳು.

ಅಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆ. ಅಪ್ಪ ಚಮಚದಿಂದ ಕಪ್ಪು ತಟ್ಟಿದ.

"ಎಲ್ರೂ ಕೇಳ್ತಾ ಇದ್ರಿ, ಮುಂದೆ ಕ್ಲಿನಿಕ್ ಯಾರು ನೋಡ್ಕೋತಾರೆ ಅಂತ. ಹೇಳ್ತೀನಿ. ಫೀಕೆ ನಡೆಸ್ತಾಳೆ. ಜನರನ್ನ ನಡೆಸೋದು ಅವಳಿಗೆ ಗೊತ್ತು. ಹಿಸ್ಕೆ ಕೈ ಕೆಲಸ ನೋಡ್ಕೋತಾಳೆ. ಅಂಥ ಕೈ ಈ ಪ್ರಾಂತ್ಯದಲ್ಲೇ ಇಲ್ಲ."

ಆ ಕೊನೆಯ ಮಾತನ್ನು ಕೇಳಲು ನಾನು ಹುಟ್ಟಿದಾಗಿನಿಂದ ಕಾದಿದ್ದೆ. ಕೊನೆಗೂ ಹೇಳಿದ, ಇನ್ನೊಬ್ಬಳ ಕೈಕೆಳಗೆ ನನ್ನನ್ನು ಕೂರಿಸುತ್ತ ಹೇಳಿದ. ಚಿಕ್ಕಮ್ಮಂದಿರು ಹೊಸದಾಗಿ ಸುತ್ತು ಶುರುಮಾಡಿ ಫೀಕೆಯ ಕೈ ಕುಲುಕತೊಡಗಿದರು. ನಾನು ಚಾಕುವನ್ನು ಕೇಕಿನಲ್ಲೇ ಬಿಟ್ಟು ಅಡುಗೆಮನೆಗೆ ಹೋದೆ.

ಫೀಕೆ ಹಿಂದೆಯೇ ಓಡಿಬಂದು ಬಾಗಿಲು ಹಾಕಿದಳು. "ನನಗೇನೂ ಗೊತ್ತಿರ್ಲಿಲ್ಲ ಕಣೇ. ನಿಮ್ಮಪ್ಪ ನನ್ನ ಕೇಳೇ ಇಲ್ಲ."

"ಕೇಳಿದ್ರೆ?"

"ಬೇಡ ಅಂತಿದ್ದೆ. ನಾನು ಊರಿಗೆ ಹೋಗ್ತೀನಿ ಹಿಸ್ಕೆ. ನಮ್ಮೂರಿನ ಕ್ಲಿನಿಕ್‌ನವರಿಗೆ ಮಾತು ಕೊಟ್ಟಾಗಿದೆ. ಈ ಗಾಳೀಲಿ, ಈ ಹಸುಗಳ ಮಧ್ಯೆ ನಾನು ಬದುಕ್ತೀನಾ?"

ನೆಮ್ಮದಿಯಾಗಬೇಕಿತ್ತು. ಇನ್ನೂ ಸಿಟ್ಟು ಬಂತು. ನಾನು ಹಗಲೂ ರಾತ್ರಿ ಬಯಸಿದ್ದು ಅವಳ ಮಡಿಲಿಗೆ ಬಂದು ಬೀಳುತ್ತದೆ, ಅವಳು ಅದನ್ನು ಧೂಳಿನ ಹಾಗೆ ಕೊಡವಿಬಿಡುತ್ತಾಳೆ! "ನಮ್ಮ ಹಸುಗಳಿಗೇನಾಗಿದೆ?" ಎಂದೆ. ಅವಳು ಬೇಡ ಅಂದ ಮೇಲೆ ಉಳಿದದ್ದು ನನಗೆ ಬರುತ್ತದೆ, ಗೊತ್ತಿತ್ತು. ಉಳಿದದ್ದು ನನಗೆ ಬೇಕಿರಲಿಲ್ಲ.

ಆಗ ಹಾಲ್‌ನಿಂದ ಅಪ್ಪ ಕೂಗಿಕೊಂಡದ್ದು ಕೇಳಿಸಿತು. ನಮ್ಮ ಕಡೆಯ ಸೋಂಪಿನ ಬಿಸ್ಕತ್ತು ಕಲ್ಲಿನಷ್ಟು ಗಟ್ಟಿ, ಕಾಫಿಯಲ್ಲಿ ಅದ್ದದೆ ಯಾರೂ ತಿನ್ನುವುದಿಲ್ಲ. ಖುಷಿಯಲ್ಲಿದ್ದವನು ಅದ್ದುವುದನ್ನು ಮರೆತಿದ್ದ. ಕೆಳದವಡೆಯ ಹಲ್ಲೊಂದರ ಹಳೆಯ ಫಿಲ್ಲಿಂಗ್ ಒಂದು ಪಕ್ಕದ ಗೋಡೆಯ ಸಮೇತ ಮುರಿದು ಅಂಗೈಗೆ ಬಂದಿತ್ತು. ಚೂಪು ಅಂಚು ನಾಲಿಗೆಯನ್ನು ಕೊಯ್ಯುತ್ತಿತ್ತು.

"ಸೋಮವಾರ ನಗರದಲ್ಲಿ ಯಾರಿಗಾದ್ರೂ ತೋರ್ಸು," ಎಂದಳು ಅಮ್ಮ.

"ಈಗ್ಲೇ. ಹಿಸ್ಕೆ ಮಾಡ್ತಾಳೆ," ಎಂದು ಅಪ್ಪ ಎದ್ದು ಮುಂಭಾಗದ ಕ್ಲಿನಿಕ್ಕಿಗೆ ನಡೆದ. ವಿದ್ಯಾರ್ಥಿಗಳು ಕೆಲಸ ಮಾಡುವಾಗ ಅನುಭವಿ ವೈದ್ಯರೊಬ್ಬರು ಪಕ್ಕದಲ್ಲಿರಬೇಕು ಅನ್ನುವುದು ಕಟ್ಟುನಿಟ್ಟು. ಇದ್ದ, ಬಾಯಿ ತೆರೆದು ಮಲಗಿದ್ದ.

ನಾನು ಬಲಕ್ಕೆ ಕೂತೆ, ಫೀಕೆ ಎಡಗಡೆಯ ಸ್ಟೂಲಿನಲ್ಲಿ. ಅರಿವಳಿಕೆಯ ಸೂಜಿ ಚುಚ್ಚಿದೆ. ಅದು ಹತ್ತುವವರೆಗೂ ಅಪ್ಪ ಬಿಡದೆ ಸೂಚನೆ ಕೊಟ್ಟ: ಯಾವ ಡ್ರಿಲ್, ಯಾವ ಪಟ್ಟಿ, ದೀಪ ಎಷ್ಟು ಎತ್ತರ. "ಜಾಸ್ತಿ ಕೊರೀಬೇಡ. ಮೇಲ್ಗಡೆಯಿಂದ ಬಾ. ಆ ಕನ್ನಡಿ ಅಲ್ಲ." ಮುಖ್ಯಸ್ಥರು ಸುಮ್ಮನಿರುವುದನ್ನು ಕಲಿಯಬೇಕು ಅಂತ ಗುರುವಾರ ಗುರುವಾರ ಹೇಳುವ ಮನುಷ್ಯ. ಕೊನೆಗೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಬಿಗಿದೆ. ಇನ್ನು ಅವನು ಮಾತಾಡುವಂತಿರಲಿಲ್ಲ.

ಫೀಕೆ ಗಂಟಲು ಸರಿಪಡಿಸಿಕೊಂಡಳು. "ದೌವೆ, ನೀವು ನನ್ನ ಕೇಳಿದ್ರೆ ಹೇಳ್ತಿದ್ದೆ. ನಾನು ನಮ್ಮೂರಿಗೆ ವಾಪಸ್ ಹೋಗ್ತಿದ್ದೀನಿ. ನಿಮ್ಮ ಕ್ಲಿನಿಕ್ ನಾನು ನಡೆಸಲ್ಲ."

ಅಪ್ಪನ ಕಣ್ಣುಗಳು ದೊಡ್ಡದಾದವು. "ಮ್ಮ್?"

"ಜೊತೇಲಿರೋರನ್ನ ಕೇಳದೆ ಏನೂ ನಿರ್ಧಾರ ಮಾಡಬಾರ್ದು ಅಂತ ನೀವೇ ಅಲ್ವಾ ಕಲಿಸಿದ್ದು?"

ಅವನ ಕಣ್ಣು ನನ್ನತ್ತ ಹೊರಳಿತು. ನಾನು ಡ್ರಿಲ್ ಹಿಡಿದು ಅವನ ಮುಖದ ಮೇಲೆ ಬಾಗಿದ್ದೆ. ಹೇಳಬೇಕಾದ್ದೆಲ್ಲ ಒಟ್ಟಿಗೆ ಬಂತು, ಫ್ರೀಸಿಯನ್‌ನಲ್ಲಿ ಬಂತು.

"ಅವಳು ಬೇಡ ಅಂದ್ಲು ಅಂತ ಈಗ ನನಗೆ ಕೊಡ್ಬೇಡ ಅಪ್ಪ. ನಂಗೆ ಬೇಡ. ಅವಳಿಗೆ ನಮ್ಮ ಭಾಷೆ ಕಲ್ಸಿದೆ, ಕಲ್ಸು. ನನ್ನ ಕುರ್ಚಿ ಕೊಟ್ಟೆ. ಅವಳು ಬಿದ್ದಾಗ್ಲೆಲ್ಲ ಕೈ ಹಿಡಿದೆ. ನನ್ನ ಕೈ ಯಾವತ್ತು ಹಿಡಿದಿದ್ದೀಯ ಹೇಳು? ನಾನು ಬೀಳಲಿಲ್ಲ, ಅದೇ ನನ್ನ ತಪ್ಪಾ? ನಂಗೆ ಹೊಟ್ಟೆ ಉರಿಯುತ್ತೆ ಅಪ್ಪ. ಅವಳನ್ನ ನೋಡಿದ್ರೆ ಉರಿಯುತ್ತೆ, ನಿನ್ನ ನೋಡಿದ್ರೆ ಇನ್ನೂ ಉರಿಯುತ್ತೆ."

ಬೆಣ್ಣೆ, ಚೀಸು ಮಾತ್ರ ಕಲಿತಿದ್ದ ಫೀಕೆಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಅವಳು ಕೊಳವೆಯನ್ನೇ ನೋಡುತ್ತಿದ್ದಳು. ಅಪ್ಪ ಅಲುಗಾಡಲಿಲ್ಲ. ಮಾತು ಮುಗಿದ ಮೇಲೆ ನನ್ನ ಕೈ ನಡುಗುತ್ತಿರುವುದು ಕಂಡಿತು. ನಡುಗುವ ಕೈಯಲ್ಲಿ ನಾನು ಯಾರ ಹಲ್ಲನ್ನೂ ಮುಟ್ಟುವುದಿಲ್ಲ. ಡ್ರಿಲ್ ಕೆಳಗಿಟ್ಟು ಎದ್ದೆ.

"ಫೀಕೆ, ನೀನು ಈ ಕಡೆ ಬಾ. ನಾನು ಎಡಕ್ಕೆ ಕೂರ್ತೀನಿ."

"ನಾನಾ? ಇವರ ಹಲ್ಲಾ?"

"ಮ್ಮ್! ಮ್ಮ್!" ಎಂದ ಅಪ್ಪ.

"ಮುಖ್ಯಸ್ಥರಾಗೋರು ಡ್ರಿಲ್ ಇನ್ನೊಬ್ರ ಕೈಗೆ ಕೊಡ್ಬೇಕು. ಪಾಠ ಅದೇ ತಾನೆ, ದೌವೆ?" ಎಂದೆ. "ನೋವಾದ್ರೆ ಎಡಗೈ ಎತ್ತು."

ಫೀಕೆ ಕೂತಳು. ಡ್ರಿಲ್ ಹಾಡತೊಡಗಿತು. ದೇವರೇ, ಆ ಕೈ! ಅವಳು ಮುರಿದ ಅಂಚನ್ನು ನುಣುಪು ಮಾಡುವುದನ್ನು ನೋಡುತ್ತಿದ್ದರೆ ನನ್ನ ಬೆರಳುಗಳು ಕೊಳವೆಯ ಮೇಲೆ ಮತ್ತೆ ಕುಣಿಯತೊಡಗಿದವು. ಆ ಹಲ್ಲು ನನಗೆ ಗೊತ್ತಿತ್ತು. ನಗುವಾಗ ಕಾಣುವ ಅಪ್ಪನ ಹಲ್ಲು. ಅದನ್ನು ನಾನು ಕಣ್ಣು ಮುಚ್ಚಿ ಮಾಡಬಲ್ಲೆ. ಆದರೂ ಕೈ ಚಾಚಲಿಲ್ಲ. ನೀರು ಎಳೆದೆ, ಕೆನ್ನೆ ಸರಿಸಿ ಹಿಡಿದೆ, ಅವಳಿಗೆ ಕಾಣುವ ಹಾಗೆ ದೀಪ ತಿರುಗಿಸಿದೆ.

ಅಪ್ಪನ ಎಡಗೈ ಮೇಲೆದ್ದಿತು.

ಫೀಕೆ ತಕ್ಷಣ ನಿಲ್ಲಿಸಿದಳು. "ನೋವಾಗ್ತಿದ್ಯಾ?"

ನೋವಲ್ಲ. ಅರಿವಳಿಕೆ ಕೊಟ್ಟವಳು ನಾನು, ಅದು ಚೆನ್ನಾಗಿ ಹತ್ತಿತ್ತು. ಅವನು ನನ್ನನ್ನೇ ನೋಡುತ್ತಿದ್ದ, ಕಣ್ಣಂಚಿನಲ್ಲಿ ನೀರು. ಅದು ಹೆದರಿಕೆ. ಕಿತ್ತುಕೋ, ನೀನು ಮಾಡು, ಅನ್ನುತ್ತಿತ್ತು ಆ ನೋಟ. ಚಳಿಗಾಲ ಪೂರ್ತಿ ನಾನು ಕಾದಿದ್ದ ಗಳಿಗೆ. ಕೈ ಚಾಚಿದ್ದರೆ ಫೀಕೆ ಸಂತೋಷದಿಂದ ಡ್ರಿಲ್ ಕೊಟ್ಟುಬಿಡುತ್ತಿದ್ದಳು.

ನನ್ನ ಬಲಗೈಯಲ್ಲಿ ಕೊಳವೆ ಇತ್ತು. ಎಡಗೈ ಖಾಲಿ ಇತ್ತು. ಗಾಳಿಯಲ್ಲಿ ನಿಂತಿದ್ದ ಅವನ ಕೈಯನ್ನು ಹಿಡಿದುಕೊಂಡು ಕೆಳಗಿಳಿಸಿದೆ.

"ನಾನಿಲ್ಲೇ ಇದ್ದೀನಿ ಅಪ್ಪ. ಅವಳು ಮಾಡ್ತಾಳೆ."

ಅವನು ಕೈ ಬಿಡಲಿಲ್ಲ. ನನ್ನ ಬೆರಳುಗಳನ್ನು ಹಿಂಡಿ ಹಿಪ್ಪೆ ಮಾಡಿದ. ಫೀಕೆ ಹಲ್ಲು ತುಂಬಿ, ದಾರ ಎಳೆದಳು. ಜಾರಿಬಿತ್ತು.

"ಹಿಸ್ಕೆ, ಏನ್ಮಾಡ್ಲಿ?" ಅವಳ ದನಿ ಬಿದ್ದುಹೋಗಿತ್ತು.

"ನೀನೇನಂತೀಯ?"

"ತೆಗೆದು ಮತ್ತೆ ತುಂಬಬೇಕು."

"ತುಂಬು ಹಾಗಾದ್ರೆ. ಪಟ್ಟಿ ಸುತ್ತೋವಾಗ ಹಲ್ಲುಗಳ ಸಂದಿನ ಆ ಬೆಣೆನ ಇನ್ನೊಂಚೂರು ಒಳಗೆ ತಳ್ಳು."

ಅಪ್ಪ ರಬ್ಬರ್ ಹಾಳೆಯ ಹಿಂದಿನಿಂದ ನರಳಿದ, ಆದರೆ ಇನ್ನೊಮ್ಮೆ ಕೈ ಎತ್ತಲಿಲ್ಲ. ಎತ್ತಲು ಅದು ಖಾಲಿ ಇರಲಿಲ್ಲ. ಹಾಲ್‌ನಲ್ಲಿ ನೆಂಟರು ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು. ಎರಡನೇ ಸಲ ದಾರ ಟಕ್ಕೆಂದು ನಿಂತಿತು. ಫೀಕೆ ಮುಖಗವಸು ಕಿತ್ತೆಸೆದು ಅಳುತ್ತ ನಕ್ಕಳು.

ಅವಳು ಉಪಕರಣ ತೊಳೆಯಲು ಒಳಗೆ ಹೋದಾಗ ಅಪ್ಪ ಎದ್ದು ಕೂತ. ಅರ್ಧ ತುಟಿಗೆ ಸ್ಪರ್ಶವಿಲ್ಲದೆ ಜೊಲ್ಲು ಇಳಿಯುತ್ತಿತ್ತು. ನಾಲಿಗೆಯಿಂದ ಹಲ್ಲನ್ನು ತಡವಿ ನೋಡಿ ಮುಖ ಕಿವುಚಿದ.

"ಒರಟಾಗಿದೆ," ಎಂದ.

"ಒರಟಾಗೇ ಇದೆ. ಗಟ್ಟಿಯಾಗಿದೆ."

ಮತ್ತೊಮ್ಮೆ ತಡವಿ ನೋಡಿದ. "ನಾನಾಗಿದ್ರೆ ಕಿತ್ಕೊಳ್ತಿದ್ದೆ," ಎಂದ. ಆಮೇಲೆ, ಜೀವಮಾನದಲ್ಲಿ ಮೊದಲ ಸಲ, ಅವನು ನನ್ನನ್ನು ಕೇಳಿದ. "ನೀನು ನಡೆಸ್ತೀಯಾ, ಹಿಸ್ಕೆ?"

"ಅವಳು ಬೇಡ ಅಂದಿದ್ದಕ್ಕಾ?"

ಅವನು ಅಲ್ಲವೆಂದು ತಲೆಯಾಡಿಸಿದ. ಎಡಗಡೆಯ ಸ್ಟೂಲಿನತ್ತ ಗದ್ದ ಎತ್ತಿ ತೋರಿಸಿದ. ಕರವಸ್ತ್ರದಿಂದ ಜೊಲ್ಲು ಒರೆಸಿಕೊಂಡು ಕಾದ.

ಕಾಯಲಿ ಎಂದುಕೊಂಡೆ. "ಗುರುವಾರ ಹೇಳ್ತೀನಿ, ದೌವೆ," ಎಂದೆ. ಅವನಿಗೆ ಆ ಹೆಸರು ಚುಚ್ಚಿದ್ದು ನೋಡಿ ಸಮಾಧಾನವಾಯಿತು. ಹೂಂ ಅನ್ನುವವಳೇ ಇದ್ದೆ. ಅದು ಅವನಿಗೂ ಗೊತ್ತಿರಬೇಕು.

ಸಂಜೆಯ ರೈಲಿನಲ್ಲಿ ಫೀಕೆ ಮತ್ತು ನಾನು ಎದುರುಬದುರು ಕೂತಿದ್ದೆವು. ನಮ್ಮಿಬ್ಬರ ನಡುವೆ ಅಡುಗೆಮನೆಯ ಮರದ ಕುರ್ಚಿ. ಅದನ್ನು ಅಮ್ಮನನ್ನು ಕೇಳಿ ತಂದಿದ್ದೆ. ಟಿಕೆಟ್ ನೋಡುವವನು ಅದನ್ನು ದಾಟಿ ಹೋಗುವಾಗ ಗೊಣಗಿದ.

ಫೀಕೆ ನನ್ನ ಎಡಗೈ ನೋಡಿದಳು. ಬೆರಳುಗಳ ಮೇಲೆ ಕೆಂಪು ಗುರುತು ಇನ್ನೂ ಇತ್ತು.

"ಎಷ್ಟು ಬಿಗಿಯಾಗಿ ಹಿಡಿದಿದ್ರು ನೋಡೇ," ಎಂದಳು. "ಐಸ್ ಮೇಲೆ ನನ್ನ ಕೈ ಹೀಗೆ ಹಿಡಿದಿರ್ಲಿಲ್ಲ ಕಣೇ."

"ಗೊತ್ತು," ಎಂದೆ. ಕೈಯನ್ನು ಅವಳಿಗೆ ಚೆನ್ನಾಗಿ ಕಾಣುವ ಹಾಗೆ ಕುರ್ಚಿಯ ಮೇಲಿಟ್ಟೆ.